ಕೋಲಾರ ಸೀಮೆಯ ಕೆರೆಗಳಲ್ಲಿ ಸಸ್ಯಪ್ರಾಣಿಗಳ ಬಾಳು

ಸರೋವರವೆಂಬ ಮಾತನ್ನು ಕೇಳಿದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಕಾವ್ಯಗಳು ನಮಗೆ ಅಭ್ಯಾಸಮಾಡಿಸಿದ ಒಂದು ಚಿತ್ರ: ಎಂದೂ ಬತ್ತದ ತಿಳಿನೀರು, ಅದರ ತುಂಬ ತಾವರೆ, ತಾವರೆಗಳ ನಡುವೆ ಹಂಸ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳನ್ನು ಸುತ್ತಿದವರಿಗೆ ಅಂಥ ಸರೋವರವು ಎಲ್ಲಿಯೂ ಕಾಣದು. ಅಲ್ಲಿರುವುದು ಕೆರೆ. ಕೆರೆಯು ಮನುಷ್ಯನು ಕಟ್ಟಿದ ವಸ್ತು. ಮಳೆ ಬಂದರೆ ತುಂಬುವುದು, ಬೇಸಗೆಯಲ್ಲಿ ಬತ್ತುವುದು. ಹೀಗೆ ಒಮ್ಮೆ ಇದ್ದು ಒಮ್ಮೆ ಇಲ್ಲವಾಗುವ ನೀರನ್ನು ನಂಬಿಕೊಂಡು ಯಾವ ಗಿಡ ಬೆಳೆದೀತು, ಯಾವ ಪ್ರಾಣಿ ಬಾಳೀತು ಎಂಬ ಪ್ರಶ್ನೆ ಸಹಜವಾಗಿಯೇ ಹುಟ್ಟುತ್ತದೆ. ಅದಕ್ಕೆ ಉತ್ತರವನ್ನು ಹುಡುಕುವುದೇ ಈ ಭಾಷಣದ ಉದ್ದೇಶ. ಉತ್ತರದ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಕೆರೆಗಳ ಜೀವಸಂಪತ್ತು ಉಳಿದುಬಂದಿರುವುದು ನೀರು ಬತ್ತಿದರೂ ಅಲ್ಲ, ಬಹುಮಟ್ಟಿಗೆ, ನೀರು ಕಾಲಕಾಲಕ್ಕೆ ಇಳಿಯುತ್ತಿದ್ದುದರಿಂದಲೇ.

ಮೊದಲು ನೆಲದ ಸ್ವರೂಪವನ್ನು ನೋಡೋಣ. ಈ ಸೀಮೆಯಲ್ಲಿ ವರ್ಷವೆಲ್ಲ ಹರಿಯುವ ನದಿ ಒಂದೂ ಇಲ್ಲ. ಪಾಲಾರ್ ನದಿಯು ನಂದಿಯ ಬೆಟ್ಟಸಾಲಿನ ಕಡೆ ಹುಟ್ಟಿ ಜಿಲ್ಲೆಯ ನಡುವೆ ಹಾಯ್ದು ಬೇತಮಂಗಲದ ಮಾರ್ಗವಾಗಿ ಪೂರ್ವಕ್ಕೆ ಇಳಿಯುವುದು. ಮಾಲೂರಿನ ಪಶ್ಚಿಮದ ಅಂಚಿನಲ್ಲಿ ದಕ್ಷಿಣ ಪಿನಾಕಿನಿಯೂ, ಶ್ರೀನಿವಾಸಪುರದ ಉತ್ತರಕ್ಕೆ ಪಾಪಘ್ನಿಯೂ ಇವೆ. ಆದರೆ ಈ ಮೂರೂ ಮಳೆಗಾಲದ ಕೆಲವು ದಿನ ಮಾತ್ರ ಹೊಳೆಗಳಾಗಿದ್ದು, ಉಳಿದ ಕಾಲದಲ್ಲಿ ಬರಿಯ ಮರಳಿನ ದಾರಿಗಳು. ವರ್ಷಕ್ಕೆ ಬೀಳುವ ಮಳೆ ಸುಮಾರು 750 ಮಿಲಿಮೀಟರ್, ಎಂದರೆ ಮೂವತ್ತು ಅಂಗುಲ. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಉತ್ತರೆ, ಹಸ್ತ, ಚಿತ್ತೆಯ ಮಳೆಗಳಾಗಿ ಸುರಿಯುವುದು. ಈ ಅಲ್ಪಕಾಲದ ನೀರನ್ನು ಹಿಡಿದಿಡುವುದಕ್ಕಾಗಿ ನಮ್ಮ ಹಿಂದಿನವರು ತಗ್ಗುಗಳಿಗೆ ಅಡ್ಡಲಾಗಿ ಮಣ್ಣಿನ ಏರಿಯನ್ನು ಹಾಕಿ, ಏರಿಗೆ ತೂಬನ್ನಿಟ್ಟು, ಹೆಚ್ಚಿನ ನೀರು ಹೊರಕ್ಕೆ ಹೋಗಲು ಕೋಡಿಯನ್ನು ಕಟ್ಟಿದರು. ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ, ಅದರ ಕೋಡಿಯ ನೀರು ಇನ್ನೂ ಕೆಳಗಿನದಕ್ಕೆ, ಹೀಗೆ ಸರಮಾಲೆಯಾಗಿ ಸಾಗುತ್ತಿತ್ತು. 2007ರಲ್ಲಿ ಚಿಕ್ಕಬಳ್ಳಾಪುರವು ಬೇರೆ ಜಿಲ್ಲೆಯಾಗುವುದಕ್ಕೆ ಮೊದಲು ಕೋಲಾರ ಜಿಲ್ಲೆಯಲ್ಲಿ ಇಂಥ ಕೆರೆಗಳು ನಾಲ್ಕು ಸಾವಿರಕ್ಕೆ ಮಿಕ್ಕಿ ಇದ್ದುವು.

ಕೆರೆಯ ವರ್ಷವನ್ನು ಮೂರು ಕಾಲಗಳಾಗಿ ವಿಂಗಡಿಸಬಹುದು. ಆಶ್ವಯುಜ, ಕಾರ್ತಿಕಗಳಲ್ಲಿ ಅದು ತುಂಬಿರುವುದು; ಕೋಡಿ ಹರಿದರೆ ಊರವರು ಗಂಗೆಪೂಜೆಯನ್ನೂ ತೆಪ್ಪೋತ್ಸವವನ್ನೂ ಮಾಡುವರು. ಪುಷ್ಯಮಾಘಗಳಿಂದ ತೂಬಿನ ಮೂಲಕ ನೀರು ಅಚ್ಚುಕಟ್ಟಿನ ಗದ್ದೆಗೆ ಹರಿದು, ಬಿಸಿಲಿಗೆ ಆವಿಯಾಗಿ, ನೆಲಕ್ಕೆ ಇಂಗಿ ದಂಡೆಯು ದಿನದಿನಕ್ಕೆ ಹಿಂದೆ ಸರಿಯುವುದು. ಚೈತ್ರ, ವೈಶಾಖಗಳ ಹೊತ್ತಿಗೆ ಏರಿಯ ಬುಡದ ಆಳವೊಂದನ್ನು ಬಿಟ್ಟು ಉಳಿದ ಅಂಗಳವೆಲ್ಲ ಬಯಲಾಗುವುದು. ಆಗ ದನಕುರಿಗಳು ಅಲ್ಲಿ ಮೇಯುವುವು. ರೈತರು ಕೆರೆಗೋಡನ್ನು ಗಾಡಿಗಳಲ್ಲಿ ಹೇರಿ ಹೊಲಗಳಿಗೆ ಒಯ್ಯುವರು. ನೀರಿನ ಈ ಮೂರು ಅವಸ್ಥೆಗಳೇ ಅಲ್ಲಿನ ಜೀವಿಗಳ ಪಂಚಾಂಗ.

ಸಸ್ಯಗಳಿಂದ ಆರಂಭಿಸೋಣ. ಕೆರೆಯ ಗಿಡಗಳೆಲ್ಲವನ್ನೂ ಸಾಮಾನ್ಯ ಜನರು ಪಾಚಿಯೆಂಬ ಒಂದೇ ಹೆಸರಿನಿಂದ ಕರೆದುಬಿಡುವುದುಂಟು. ವಾಸ್ತವವಾಗಿ ಅವುಗಳಲ್ಲಿ ಹಲವು ವರ್ಗಗಳಿವೆ. ಮೊದಲನೆಯ ವರ್ಗದವು ಪೂರ್ತಿಯಾಗಿ ನೀರಿನೊಳಗೆ ಮುಳುಗಿರತಕ್ಕವು. ಹೈಡ್ರಿಲ್ಲ, ವ್ಯಾಲಿಸ್ನೇರಿಯ ಎಂಬುವು ಇವುಗಳಲ್ಲಿ ಮುಖ್ಯ. ಇವು ಹಗಲು ಬಿಸಿಲಿನ ಸಹಾಯದಿಂದ ಇಂಗಾಲಾಮ್ಲವನ್ನು ಹೀರಿ ಆಮ್ಲಜನಕವನ್ನು ನೀರಿಗೆ ಬಿಡುವುದರಿಂದ ಮೀನುಗಳಿಗೆ ಉಸಿರಾಟಕ್ಕೆ ಅನುಕೂಲವಾಗುತ್ತದೆ. ವ್ಯಾಲಿಸ್ನೇರಿಯದ ಪರಾಗಸ್ಪರ್ಶವಂತೂ ಅತಿ ವಿಚಿತ್ರವಾದುದು. ಹೆಣ್ಣುಹೂವು ದಾರದಂತೆ ಉದ್ದವಾದ ತೊಟ್ಟಿನ ತುದಿಯಲ್ಲಿ ನೀರಿನ ಮೇಲ್ಮೈಗೆ ಬಂದು ಅರಳುವುದು. ಗಂಡುಹೂವುಗಳು ಗಿಡದ ಬುಡದಲ್ಲಿಯೇ ಹುಟ್ಟಿ, ತೊಟ್ಟಿನಿಂದ ಕಳಚಿಕೊಂಡು, ಗುಳ್ಳೆಗಳಂತೆ ಮೇಲಕ್ಕೇರಿ, ಸಣ್ಣ ದೋಣಿಗಳಾಗಿ ತೇಲುತ್ತ ಗಾಳಿಗೆ ಸಿಕ್ಕಿ ಹೆಣ್ಣುಹೂವನ್ನು ಮುಟ್ಟುವುವು. ಕಾರ್ಯವಾದ ಮೇಲೆ ಹೆಣ್ಣುಹೂವಿನ ತೊಟ್ಟು ಸುರುಳಿಯಾಗಿ ಸುತ್ತಿಕೊಂಡು ಕಾಯನ್ನು ಮತ್ತೆ ನೀರಿನ ತಳಕ್ಕೆ ಎಳೆದುಕೊಳ್ಳುವುದು.

ಎರಡನೆಯ ವರ್ಗದವು ಕೆಸರಿನಲ್ಲಿ ಬೇರೂರಿ ಎಲೆಯನ್ನು ಮಾತ್ರ ನೀರಿನ ಮೇಲೆ ಹರಡತಕ್ಕವು. ತಾವರೆಯೂ ನೈದಿಲೆಯೂ ಈ ವರ್ಗಕ್ಕೆ ಸೇರಿದುವು. ಇವೆರಡನ್ನೂ ಒಂದೇ ಎಂದು ತಿಳಿದವರು ಅನೇಕರಿದ್ದಾರೆ. ಗುರುತಿಸುವುದು ಸುಲಭ. ತಾವರೆಯ ಎಲೆ ಪೂರ್ಣ ವೃತ್ತಾಕಾರವಾಗಿದ್ದು, ಮುಳ್ಳುಮುಳ್ಳಾದ ದಂಟು ಅದರ ನಡುವಿಗೆ ಸೇರಿರುವುದು. ಬಲಿತ ಎಲೆಯು ನೀರಿನಿಂದ ಮೇಲಕ್ಕೆದ್ದು ನಿಲ್ಲುವುದು. ಅದರ ಮೇಲೆ ಬಿದ್ದ ನೀರು ಮುತ್ತಾಗಿ ಉರುಳುವುದು. ನೈದಿಲೆಯ ಎಲೆಯಲ್ಲಿ ಒಂದು ಕಡೆ ಅಂಚಿನಿಂದ ನಡುವಿನವರೆಗೆ ಸೀಳಿರುವುದು, ಮತ್ತು ಅದು ಸಾಮಾನ್ಯವಾಗಿ ನೀರಿಗೆ ಅಂಟಿಕೊಂಡೇ ಇರುವುದು. ಕೆರೆ ಬತ್ತಿದಾಗ ಎರಡರ ಎಲೆಗಳೂ ಸುಟ್ಟುಹೋಗುವುವು. ಆದರೆ ಕೆಸರಿನಲ್ಲಿ ಹುದುಗಿದ ಗಡ್ಡೆಯೂ ಬೀಜವೂ ಸಾಯವು. ತಾವರೆಯ ಬೀಜದ ಸಿಪ್ಪೆ ಎಷ್ಟು ಗಟ್ಟಿಯೆಂದರೆ ಅದರೊಳಕ್ಕೆ ನೀರೂ ಗಾಳಿಯೂ ಸುಲಭವಾಗಿ ಹೋಗವು. ಚೀನಾದೇಶದ ಒಂದು ಒಣಗಿದ ಕೆರೆಯ ತಳದಲ್ಲಿ ದೊರೆತ, ಸುಮಾರು 1,300 ವರ್ಷ ಹಳೆಯದೆಂದು ನಿರ್ಣಯಿಸಲ್ಪಟ್ಟ ಒಂದು ತಾವರೆಬೀಜವು ಮೊಳೆತ ವಿಚಾರವನ್ನು ವಿಜ್ಞಾನಿಗಳು 1995ರಲ್ಲಿ ಪ್ರಕಟಿಸಿದರು. ಹೀಗಿರುವಾಗ ನಮ್ಮ ಕೆರೆಗಳು ಹತ್ತು ವರ್ಷ ಒಣಗಿ ಮತ್ತೆ ತುಂಬಿದಾಗ ಎಲ್ಲಿಂದಲೋ ಬಂದಂತೆ ಹೂವು ಕಾಣಿಸಿಕೊಂಡರೆ ಅದು ಪವಾಡವಲ್ಲ. ಕೆಸರಿನ ಭಂಡಾರವು ತೆರೆಯಿತೆಂದು ಮಾತ್ರ ತಿಳಿಯಬೇಕು.

ಮೂರನೆಯ ವರ್ಗದವು ನೆಲದ ಸಂಬಂಧವೇ ಇಲ್ಲದೆ ತೇಲಾಡುವ ಗಿಡಗಳು. ಸಾಸಿವೆಯಷ್ಟೇ ಗಾತ್ರದ ಲೆಮ್ನಾ ಒಂದು. ಹಸುರು ಗುಲಾಬಿಯಂತೆ ಎಲೆಗಳನ್ನು ಸುತ್ತಲೂ ಹರಡಿಕೊಂಡ ಅಂತರಗಂಗೆ ಇನ್ನೊಂದು. ಕೋಲಾರದವರಿಗೆ ಈ ಹೆಸರು ಚಿರಪರಿಚಿತ. ಪಟ್ಟಣದ ಪಕ್ಕದ ಶತಶೃಂಗ ಪರ್ವತದಲ್ಲಿ ಬಂಡೆಯೊಳಗಿಂದ ಬರುವ ಊಟೆಗೂ ಅದೇ ಹೆಸರು. ನೆಲದ ಆಧಾರವಿಲ್ಲದ ಗಿಡಕ್ಕೂ ಬೆಟ್ಟದೊಳಗಿನ ನೀರಿಗೂ ಒಂದೇ ಹೆಸರು ದೊರೆತಿರುವುದು ಸೊಗಸಾಗಿದೆ.

ನಾಲ್ಕನೆಯ ವರ್ಗವೇ ನಮ್ಮ ಕೆರೆಗಳ ವೈಶಿಷ್ಟ್ಯ. ಅದು ದಂಡೆಯ ಸಸ್ಯವರ್ಗ. ನೀರು ನಿಂತಲ್ಲಿ ಜೊಂಡು ಮತ್ತು ಆಪು. ನೀರು ಇಳಿದ ಕೆಸರಿನಲ್ಲಿ ಜೇಕು, ಕೊನ್ನಾರಿ. ಇನ್ನೂ ಮೇಲೆ ಹೊನಗೊನ್ನೆ, ಒಂದೆಲಗ, ನೀರುಬ್ರಾಹ್ಮಿ. ನಾಲ್ಕೆಲೆಗಳನ್ನು ಕೂಡಿಸಿ ಹಿಡಿದಂತೆ ಕಾಣುವ ಮಾರ್ಸೀಲಿಯ ಎಂಬ ಜರಿಗಿಡವೂ ಇಲ್ಲಿಯದೇ; ಅದರ ಬೀಜಾಣುಗಳು ಹುರುಳಿಕಾಳಿನಂಥ ಗಟ್ಟಿ ಕೋಶದೊಳಗೆ ಅನೇಕ ವರ್ಷ ಒಣಗಿದ್ದು, ನೀರು ತಾಕಿದ ಕೆಲವು ಗಂಟೆಗಳಲ್ಲಿ ಎಚ್ಚರಗೊಳ್ಳುವುವು. ದಂಡೆಯ ಈ ಸಸ್ಯಗಳ ಪರಿಚಯವು ಪಂಡಿತರಿಗಿಂತ ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆ ಹೆಚ್ಚು. ಈ ಸೀಮೆಯಲ್ಲಿ ಬೆರಕೆ ಸೊಪ್ಪಿನ ಸಾರೆಂದರೆ ಎಲ್ಲರಿಗೂ ಪ್ರೀತಿ. ಹೊಲದ ಬದುವಿನಿಂದಲೂ ಕೆರೆಯ ದಂಡೆಯಿಂದಲೂ ಹತ್ತಾರು ಬಗೆಯ ಎಳೆಸೊಪ್ಪನ್ನು ಆಯ್ದು ಮಡಿಲಿಗೆ ತುಂಬುವ ಮುದುಕಿಯು, ತಾನರಿಯದೆಯೇ, ಉತ್ತಮ ಸಸ್ಯಶಾಸ್ತ್ರಜ್ಞೆಯಾಗಿರುತ್ತಾಳೆ. ಒಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ಈ ಸೊಪ್ಪುಗಳು ಆಳದ ನೀರಿನಲ್ಲಿ ಬೆಳೆಯವು. ಪೂರಾ ಒಣನೆಲದಲ್ಲಿಯೂ ಸೊಂಪಾಗಿ ಬೆಳೆಯವು. ನೀರು ನಿಧಾನವಾಗಿ ಇಳಿದು ನೆಲವನ್ನು ಬಿಟ್ಟುಕೊಟ್ಟಾಗಲೇ ಅವುಗಳ ಸುಗ್ಗಿ.

ಏರಿಯ ಮೇಲಣ ಹೊಂಗೆ, ಹುಣಸೆ, ಅರಳಿಯ ಮರಗಳನ್ನೂ, ಮಣ್ಣನ್ನು ಬಿಗಿಹಿಡಿಯುವ ಲಕ್ಕಿಯ ಪೊದೆಗಳನ್ನೂ, ಅಂಗಳದ ಮೇಲ್ಭಾಗದ ಈಚಲು ಮತ್ತು ಕರಿಜಾಲಿಗಳನ್ನೂ ಹೆಸರಿಸದೆ ಸಸ್ಯಗಳ ಪ್ರಕರಣವು ಮುಗಿಯದು. ಈಚಲಿನ ಗರಿಗಳ ತುದಿಯಲ್ಲಿ, ನೀರಿಗೆ ಬಾಗಿದ ಜಾಲಿಯ ಕೊಂಬೆಗಳಲ್ಲಿ ಗೀಜಗನ ಗೂಡುಗಳು ಸೋರೆಬುರುಡೆಗಳಂತೆ ತೂಗಾಡುವುವು. ಕೆಳಗೆ ನೀರಿದ್ದರೆ ಶತ್ರುಗಳು ಗೂಡನ್ನು ಸೇರುವುದು ಕಷ್ಟವೆಂಬುದನ್ನು ಆ ಹಕ್ಕಿಯು ಬಲ್ಲುದು.

ಇನ್ನು ಪ್ರಾಣಿಗಳು. ಬೆನ್ನೆಲುಬಿಲ್ಲದ ಸಣ್ಣ ಜೀವಿಗಳೇ ಸಂಖ್ಯೆಯಲ್ಲಿ ಹೆಚ್ಚು. ಕೆರೆಯ ದೊಡ್ಡ ಬಸವನಹುಳುವಿಗೆ ಕಿವಿರೂ ಉಂಟು, ಗಾಳಿಯನ್ನು ಎಳೆದುಕೊಳ್ಳುವ ಶ್ವಾಸಕೋಶವೂ ಉಂಟು. ನೀರು ಬತ್ತತೊಡಗಿದರೆ ಅದು ಕೆಸರಿನೊಳಕ್ಕೆ ಇಳಿದು, ಚಿಪ್ಪಿನ ಬಾಯಿಗೆ ಗಟ್ಟಿಯಾದ ಮುಚ್ಚಳವನ್ನು ಹಾಕಿಕೊಂಡು, ಮುಂದಿನ ಮಳೆಯವರೆಗೆ ನಿದ್ರಿಸುವುದು. ತೂನೀಗಗಳ ವಿಚಾರ ಇನ್ನೂ ಸ್ವಾರಸ್ಯವಾದುದು. ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಈ ಕೀಟಗಳ ಮರಿಗಳು ನೀರಿನಲ್ಲಿಯೇ ಬೆಳೆದು, ಸೊಳ್ಳೆಯ ಮರಿಗಳನ್ನು ತಿಂದು ನಮಗೆ ಉಪಕಾರ ಮಾಡುವುವು. ಹೊಂಬಣ್ಣದ ಒಂದು ಜಾತಿಯ ತೂನೀಗವು ಮಳೆಯ ನೀರು ಹೊಸದಾಗಿ ನಿಂತಲ್ಲಿ ಮೊಟ್ಟೆಯಿಟ್ಟು, ಆರೇಳು ವಾರಗಳಲ್ಲಿ ಬೆಳೆದು, ಮಾರುತದ ಬೆನ್ನೇರಿ ಹಿಂದೂಮಹಾಸಾಗರವನ್ನೇ ದಾಟಿ ಆಫ್ರಿಕಾ ಖಂಡವನ್ನು ಸೇರುವುದೆಂದು ವಿಜ್ಞಾನಿಗಳು 2009ರಲ್ಲಿ ಪ್ರತಿಪಾದಿಸಿದರು. ಹಳೆಯ ನೀರಿನಲ್ಲಿ ಮರಿಗಳನ್ನು ತಿನ್ನುವ ಮೀನುಗಳಿರುತ್ತವೆ. ಹೊಸನೀರಿನಲ್ಲಿ ಇನ್ನೂ ಇರುವುದಿಲ್ಲ. ಆದುದರಿಂದಲೇ ಅದಕ್ಕೆ ಹೊಸನೀರಿನ ಮೇಲೆ ಅಷ್ಟು ಮಮತೆ.

ಮೀನುಗಳಲ್ಲಿ ಈ ನೆಲಕ್ಕೆ ಹೇಳಿಮಾಡಿಸಿದಂಥದು ಕೊರವ. ಗಡಿಸೀಮೆಯ ತೆಲುಗು ಮಾತಿನಲ್ಲಿ ಕೊರಮೀನು. ಇದು ಕಿವಿರಿನಿಂದ ಮಾತ್ರವಲ್ಲದೆ ಆಗಾಗ ಮೇಲಕ್ಕೆ ಬಂದು ಗಾಳಿಯನ್ನು ನುಂಗಿಯೂ ಉಸಿರಾಡುವುದು. ನೀರು ಕೆಸರಾದಾಗ ಇತರ ಮೀನುಗಳು ಸತ್ತರೂ ಇದು ಹಸಿಮಣ್ಣಿನಲ್ಲಿ ಹುದುಗಿ ಜೀವ ಹಿಡಿದಿರುವುದು. ಮುಳ್ಳಿನಿಂದ ಚುಚ್ಚಿ ನೋಯಿಸುವ ಚೇಳುಮೀನಿಗೂ ಈ ಸಾಮರ್ಥ್ಯವಿದೆ. ಮಣ್ಣನ್ನು ನಂಬಿದ ಇನ್ನೊಂದು ಪ್ರಾಣಿ ಆಮೆ. ನಮ್ಮ ಕೆರೆಗಳಲ್ಲಿರುವ ಮೃದುಚಿಪ್ಪಿನ ಆಮೆಯು ಹಿಂಗಾಲುಗಳನ್ನು ಒಳಕ್ಕೆಳೆದು, ಕೆಳಗಣ ಎರಡು ಮಡಿಕೆಗಳಿಂದ ಮುಚ್ಚಿಕೊಂಡು, ಬೇಸಗೆಯನ್ನು ನೆಲದೊಳಗೆ ಕಳೆಯುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಹಿಡಿಯುವುದು ಅಪರಾಧ. ಗೋಂಕರು ಕಪ್ಪೆಗಳೂ ಹೀಗೆಯೇ. ಮುಂಗಾರಿನ ಮೊದಲ ಜೋರುಮಳೆ ಬಿದ್ದ ರಾತ್ರಿ ಅವು ನೆಲದಿಂದೆದ್ದು ಬರುವಾಗ ಗಂಡುಗಳು ಅರಿಶಿನದ ಬಣ್ಣವನ್ನು ತಾಳಿ, ಗಂಟಲಿನ ಎರಡು ಕಡೆಯೂ ನೀಲಿಯ ಚೀಲಗಳನ್ನು ಉಬ್ಬಿಸಿ ಊರೆಲ್ಲ ಕೇಳುವಂತೆ ಕೂಗುವುವು. ಇವುಗಳ ಕಾಲುಗಳನ್ನು ಹೊರದೇಶಗಳಿಗೆ ಮಾರುವ ವ್ಯಾಪಾರವು ಬಹಳ ಕಾಲ ನಡೆದು, 1987ರಲ್ಲಿ ಸರ್ಕಾರದ ನಿಷೇಧದಿಂದ ನಿಂತಿತು. ನೀರೊಳ್ಳೆ ಹಾವು ಕಪ್ಪೆಮೀನುಗಳನ್ನು ತಿಂದು ಬದುಕುವ ನಿರ್ವಿಷ ಪ್ರಾಣಿ. ಕೋಪದಿಂದ ಕಚ್ಚುವುದು ನಿಜವಾದರೂ ಅದರಿಂದ ಪ್ರಾಣಭಯವಿಲ್ಲ.

ಹಕ್ಕಿಗಳು ಕೆರೆಯ ಆಭರಣ. ತುಂಬಿದ ನೀರಿನ ನಡುವೆ ಗುಳುಮುಳುಕವು ಕ್ಷಣಕ್ಷಣಕ್ಕೂ ಮುಳುಗಿ ಏಳುವುದು. ಅದರ ಗೂಡು ಒದ್ದೆಪಾಚಿಯ ತೆಪ್ಪ. ಗೂಡನ್ನು ಬಿಟ್ಟು ಹೋಗುವಾಗ ಮೊಟ್ಟೆಗಳು ಕಾಣದಂತೆ ಪಾಚಿಯನ್ನೇ ಹೊದಿಸಿ ಹೋಗುವುದು. ಹಣೆಯ ಮೇಲೆ ಬಿಳಿಯ ನಾಮವನ್ನು ಧರಿಸಿದ ನಾಮದಕೋಳಿಗಳು ಗುಂಪುಗುಂಪಾಗಿ ಈಜುವುವು. ಜೊಂಡಿನ ಮರೆಯಲ್ಲಿ ನೇರಿಳೆಬಣ್ಣದ ಜಂಬುಕೋಳಿಯು ಎಳೆಯ ಚಿಗುರನ್ನು ಕಾಲಿನಿಂದ ಹಿಡಿದು ತಿನ್ನುವುದು. ತಾವರೆ, ನೈದಿಲೆಗಳಿರುವ ಕಡೆ ದೇವನಹಕ್ಕಿ ಕಾಣುವುದು. ಅದರ ಬೆರಳುಗಳು ದೇಹಕ್ಕೆ ಮೀರಿ ಉದ್ದವಾಗಿರುವುದರಿಂದ ಭಾರವು ಹಂಚಿಹೋಗಿ, ಎಲೆಗಳು ಮುಳುಗದಂತೆ ಅವುಗಳ ಮೇಲೆಯೇ ನಡೆದಾಡುವುದು. ಇದರ ಸಂಸಾರದ ಕ್ರಮ ಬೇರೆ ಹಕ್ಕಿಗಳಿಗೆ ವಿರುದ್ಧ. ಹೆಣ್ಣು ಮೊಟ್ಟೆಗಳನ್ನಿಟ್ಟು ಬೇರೊಂದು ಗಂಡನ್ನು ಅರಸಿಕೊಂಡು ಹೋಗುವುದು. ಮೊಟ್ಟೆಗೆ ಕಾವು ಕೊಡುವುದೂ ಮರಿಗಳನ್ನು ಸಾಕುವುದೂ ಗಂಡಿನ ಹೊಣೆ. ಚಳಿಗಾಲದಲ್ಲಿ ಸೂಜಿಬಾಲದ ಬಾತು ಮುಂತಾದ ವಲಸೆಯ ಬಾತುಗಳು ಮಧ್ಯ ಏಷ್ಯಾ, ಸೈಬೀರಿಯಾಗಳ ಹಿಮಕ್ಕೆ ಹೆದರಿ ಇಲ್ಲಿಗೆ ಬಂದು, ಫಾಲ್ಗುಣದ ಹೊತ್ತಿಗೆ ಹಿಂದಿರುಗುವುವು.

ಆದರೆ ಹಕ್ಕಿಗಳ ನಿಜವಾದ ಜಾತ್ರೆಯು ಸೇರುವುದು ನೀರು ಇಳಿಯತೊಡಗಿದ ಮೇಲೆ. ದಂಡೆಯುದ್ದಕ್ಕೂ ಒಮ್ಮೆ ಕಣ್ಣಾಡಿಸಿದರೆ ಪ್ರಕೃತಿಯು ಕಾಲಿನ ಅಳತೆಯಂತೆ ಸ್ಥಳವನ್ನು ಹಂಚಿಕೊಟ್ಟಿರುವುದು ತಿಳಿಯುತ್ತದೆ. ಬರಿಯ ಕೆಸರಿನಲ್ಲಿ ಗಿಡ್ಡಕಾಲಿನ ಉಲ್ಲಂಕಿಗಳು. ಎರಡಂಗುಲ ನೀರಿನಲ್ಲಿ ಕೆಂಗುಲಾಬಿ ಬಣ್ಣದ ಕೋಲುಗಾಲಿನ ಮೆಟ್ಟುಗಾಲು ಹಕ್ಕಿ. ಮೊಣಕಾಲು ಮುಳುಗುವಷ್ಟರಲ್ಲಿ ಬೆಳ್ಳಕ್ಕಿ. ಅದಕ್ಕಿಂತ ಆಳದಲ್ಲಿ ಬಣ್ಣದ ಕೊಕ್ಕರೆ. ಕೊಕ್ಕಿನ ನಡುವೆ ಸಂದುಳ್ಳ ಬಾಯ್ಕಳಕ ಕೊಕ್ಕರೆಯು ಬಸವನಹುಳುವನ್ನು ಕೆಸರಿನಿಂದ ಕೆದಕಿ ಚಿಪ್ಪಿನಿಂದ ಬಿಡಿಸುವುದು. ದಂಡೆಯು ಹಿಂದೆ ಸರಿದಂತೆ ಈ ಸಾಲುಗಳೆಲ್ಲ ಜೊತೆಯಲ್ಲಿಯೇ ಸರಿಯುವುವು. ಪ್ರತಿದಿನವೂ ಹೊಸ ಕೆಸರು, ಹೊಸ ಆಹಾರ. ತುಂಬಿದ ಕೆರೆಯಲ್ಲಿ ಚದರಿಹೋಗಿದ್ದ ಮೀನುಗಳು ಈಗ ಕಿರಿದಾದ ಗುಂಡಿಗಳಲ್ಲಿ ಒತ್ತೊತ್ತಾಗಿ ಸೇರುತ್ತವೆ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಿ ಮರಿ ಮಾಡುವುದು ಮಳೆಗಾಲದಲ್ಲಿ ಅಲ್ಲ, ಮಾಗಿಯಿಂದ ಬೇಸಗೆಯವರೆಗೆ ಎಂಬುದನ್ನು ಕೇಳಿ ಅನೇಕರು ಆಶ್ಚರ್ಯಪಡುವರು. ಕಾರಣ ಇದೇ: ಹಸಿದ ಮರಿಗಳ ಕಾಲಕ್ಕೆ ಸರಿಯಾಗಿ ಕೆರೆಗಳ ನೀರು ಇಳಿದು ಮೀನು ಸುಲಭವಾಗಿ ದೊರೆಯುವುದು. ಪೂರ್ತಿ ಒಣಗಿದ ಅಂಗಳವೂ ವ್ಯರ್ಥವಲ್ಲ. ಅಲ್ಲಿ ಟಿಟ್ಟಿಭವು ಬರಿನೆಲದ ಮೇಲೆ ಕಲ್ಲುಗಳ ನಡುವೆ ಕಲ್ಲಿನಂತೆಯೇ ಕಾಣುವ ಮೊಟ್ಟೆಗಳನ್ನಿಡುವುದು.

ಮಣ್ಣಿಗೂ ಈ ಒಣಗುವಿಕೆಯಿಂದ ಪ್ರಯೋಜನವುಂಟು. ನೀರಿನಡಿಯ ಕೆಸರಿಗೆ ಗಾಳಿ ಸೋಕದು; ಕೊಳೆತ ವಸ್ತುವು ಅಲ್ಲಿ ಅರೆಕೊಳೆತು ದುರ್ನಾತದಿಂದ ಕೂಡಿರುವುದು. ಕೆರೆಯಂಗಳವು ಬಿಸಿಲಿಗೆ ಬಿರಿದಾಗ ಬಿರುಕಿನೊಳಕ್ಕೆ ಗಾಳಿ ಇಳಿಯುತ್ತದೆ. ಕಸವು ಪೂರ್ತಿ ಕಳಿತು ಗೊಬ್ಬರವಾಗುತ್ತದೆ. ಮೇದ ದನಗಳ ಸಗಣಿಯೂ ಸೇರುತ್ತದೆ. ಮುಂದಿನ ಮಳೆಗೆ ಕೆರೆ ತುಂಬಿದೊಡನೆ ಆ ಸಾರವೆಲ್ಲ ನೀರಿಗೆ ಬಿಟ್ಟು ಜೀವರಾಶಿಯು ಒಮ್ಮೆಲೆ ಉಕ್ಕುವುದು. ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಬೇಸಗೆಯಲ್ಲಿ ಒಣಗಿದ ಕೆರೆಯಂಗಳದಿಂದ ಎರಡು ಹಿಡಿ ಮಣ್ಣನ್ನು ತಂದು, ಅಗಲವಾದ ಗಾಜಿನ ಪಾತ್ರೆಯಲ್ಲಿ ಹಾಕಿ, ಮೇಲೆ ಮಳೆಯ ನೀರನ್ನೋ ಬಾವಿಯ ನೀರನ್ನೋ ಹೊಯ್ದು, ಬೆಳಕಿರುವ ಕಿಟಕಿಯಲ್ಲಿ ಇಡಿರಿ. ಒಂದೆರಡು ವಾರದೊಳಗೆ ನೀರಿನಲ್ಲಿ ಚುಕ್ಕೆಗಳಂತೆ ಜಿಗಿದಾಡುವ ಸಿಗಡಿಯ ಬಳಗದ ಸೂಕ್ಷ್ಮಪ್ರಾಣಿಗಳೂ, ತಳದಲ್ಲಿ ಹಸುರು ಮೊಳಕೆಗಳೂ ಕಾಣಬಹುದು. ಧೂಳೆಂದು ನಾವು ತುಳಿದುದು ಮೊಟ್ಟೆಬೀಜಗಳ ಕಣಜವಾಗಿತ್ತು!

ಇಂಥ ಕೆರೆಗಳಿಗೆ ಕಳೆದ ಶತಮಾನದ ಉತ್ತರಾರ್ಧದಲ್ಲಿ ದುರವಸ್ಥೆಯೊದಗಿತು. ಕೊಳವೆಬಾವಿಗಳು ಬಂದ ಮೇಲೆ ತೂಬಿನ ನೀರಿಗಾಗಿ ಕಾಯುವವರು ಕಡಮೆಯಾದರು. ನೀರನ್ನು ಸರದಿಯಂತೆ ಬಿಡುತ್ತಿದ್ದ ನೀರುಗಂಟಿಯ ಕೆಲಸವು ಕಳಚಿತು. ರಾಜಕಾಲುವೆಗಳು ಹೂತು ಒತ್ತುವರಿಯಾದುವು. ಮೇಲಿನ ಬಯಲುಗಳಲ್ಲಿ ನೀಲಗಿರಿಯ ತೋಪುಗಳು ಹಬ್ಬಿದುವು. ಇವುಗಳನ್ನು ಹೊಸದಾಗಿ ನೆಡುವುದನ್ನು ರಾಜ್ಯ ಸರ್ಕಾರವು 2017ರಲ್ಲಿ ನಿಷೇಧಿಸಿತು. ಕೆರೆಯಂಗಳಗಳನ್ನು ಅಮೆರಿಕ ಮೂಲದ ಸೀಮೆಜಾಲಿಯು ಆಕ್ರಮಿಸಿತು. ಮಾಲೂರಿನ ಕಡೆ ಹೆಂಚು ಇಟ್ಟಿಗೆಗಳಿಗಾಗಿ ಕೆರೆಯ ಜೇಡಿಯನ್ನು ತೋಡಿದಲ್ಲಿ ಇಳಿಜಾರಾದ ದಂಡೆಯು ಹೋಗಿ ಕಡಿದಾದ ಗುಂಡಿಗಳು ಉಳಿದುವು. ಕೊಳವೆಬಾವಿಗಳು ಸಾವಿರ ಅಡಿಗೂ ಕೆಳಕ್ಕೆ ಇಳಿದುವು. ಆಮೇಲೆ ಬಹು ವರ್ಷಗಳ ಒಣಗುವಿಕೆ ಬಂದಿತು. ಕಾಲಕಾಲದ ಒಣಗುವಿಕೆ ಬೇರೆ, ಎಂದೂ ತುಂಬದಿರುವುದು ಬೇರೆ. ಮೊದಲನೆಯದು ನಿದ್ರೆ; ಎರಡನೆಯದು ಸಾವಿಗೆ ಸಮೀಪ.

ಇದಕ್ಕೆ ಪರಿಹಾರವಾಗಿ ಬಂದುದು ಕೆ. ಸಿ. ವ್ಯಾಲಿ ಯೋಜನೆ. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಗಳ ಚರಂಡಿನೀರನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿ, ದಿನಕ್ಕೆ 44 ಕೋಟಿ ಲೀಟರಿನಂತೆ 126 ಕೆರೆಗಳಿಗೆ ತುಂಬಿಸುವುದೆಂದು ಅದರ ಸಂಕಲ್ಪ. 2018ರ ಜೂನ್ ತಿಂಗಳಲ್ಲಿ ನೀರು ಮೊದಲು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರದ ಕೆರೆಗೆ ಬಂದಿತು. ಮರುತಿಂಗಳೇ ಅಲ್ಲಿ ನೊರೆ ಕಾಣಿಸಿದಾಗ ವಿವಾದವು ಹೈಕೋರ್ಟಿಗೂ ಮುಂದೆ ಸುಪ್ರೀಂ ಕೋರ್ಟಿಗೂ ಹೋಗಿ, ತಡೆಯಾಜ್ಞೆಗಳಾಗಿ, 2019ರಲ್ಲಿ ತಡೆ ತೆರವಾಯಿತು. 2021ರ ನವೆಂಬರಿನ ಭಾರಿ ಮಳೆಗೆ ಜಿಲ್ಲೆಯಲ್ಲಿ ಎಷ್ಟೋ ಕೆರೆಗಳು ದಶಕಗಳ ತರುವಾಯ ಕೋಡಿ ಹರಿದುವು. ಬತ್ತಿದ ಬಾವಿಗಳಲ್ಲಿ ನೀರು ಕಂಡ ರೈತನ ಸಂತೋಷವನ್ನು ಯಾರೂ ಹಗುರವಾಗಿ ಕಾಣಬಾರದು. ಇಪ್ಪತ್ತು ವರ್ಷ ನೀರಿಲ್ಲದೆ ಊರು ಬಿಟ್ಟವರ ಮುಂದೆ ನಿಂತು ಹಕ್ಕಿಗಳಿಗಾಗಿ ಕೆರೆಯನ್ನು ಒಣಗಿಸಿರೆಂದು ಹೇಳುವುದು ಮನುಷ್ಯಧರ್ಮವಲ್ಲ. ನನ್ನ ಮಾತಿನ ಅರ್ಥ ಅದಲ್ಲ.

ಆದರೆ ಹೊಸನೀರು ಎರಡು ವಿಷಯಗಳಲ್ಲಿ ಹಳೆಯ ನೀರಿಗಿಂತ ಭಿನ್ನವೆಂಬುದನ್ನು ತಿಳಿದಿರಬೇಕು. ಮೊದಲನೆಯದು, ಎರಡು ಹಂತಗಳ ಶುದ್ಧೀಕರಣವು ಕೊಳಕನ್ನು ಬಹುಮಟ್ಟಿಗೆ ಕಳೆದರೂ ಸಾರಜನಕ, ರಂಜಕಗಳ ಒಂದು ಪಾಲು ನೀರಿನಲ್ಲಿಯೇ ಉಳಿಯುತ್ತದೆ. ಇವು ಹೊಲಕ್ಕೆ ಗೊಬ್ಬರ. ನಿಂತ ನೀರಿಗೆ ಅತಿಪೋಷಣೆ. ಅತಿಪೋಷಣೆಯಿಂದ ಹಸುರು ಪಾಚಿಯು ನೀರನ್ನೆಲ್ಲ ಮುಚ್ಚುವುದು. ತಳದ ಹೈಡ್ರಿಲ್ಲ, ವ್ಯಾಲಿಸ್ನೇರಿಯಗಳಿಗೆ ಬೆಳಕು ತಪ್ಪುವುದು. ರಾತ್ರಿ ಪಾಚಿಯೇ ಆಮ್ಲಜನಕವನ್ನು ಬಳಸಿಬಿಡುವುದರಿಂದ ಬೆಳಗಿನ ಜಾವದಲ್ಲಿ ಮೀನುಗಳು ಬಾಯಿ ಬಿಟ್ಟು ತೇಲುವುವು. ಅಮೆರಿಕ ಮೂಲದ ಹಯಸಿಂತ್ ಎಂಬ ತೇಲುಗಿಡವು ಇಂಥ ನೀರಿನಲ್ಲಿ ಎರಡು ವಾರಕ್ಕೊಮ್ಮೆ ಇಮ್ಮಡಿಯಾಗಬಲ್ಲುದು. ಜನರು ಇದನ್ನೂ ಅಂತರಗಂಗೆಯೆಂದೇ ಕರೆಯುವುದುಂಟು. ಆದರೆ ನೀಲಿಹೂವಿನ ಈ ಗಿಡ ಬೇರೆ, ಇದರ ಹಾವಳಿಯೂ ಬೇರೆ. ಎರಡನೆಯ ಭೇದವೆಂದರೆ ನೀರು ಬರುವ ಕಾಲ. ಮಳೆಯ ನೀರು ಋತುವಿಗೆ ಬಂದು ಋತುವಿಗೆ ಹೋಗುತ್ತಿತ್ತು. ಕೊಳವೆಯ ನೀರು ವರ್ಷವೆಲ್ಲ ಬರುತ್ತದೆ. ದಂಡೆಯು ಸರಿಯದೆ ಒಂದೇ ಕಡೆ ನಿಂತರೆ ಜೊಂಡು ಒತ್ತಾಗಿ ಬೆಳೆದು ಅಂಚನ್ನೆಲ್ಲ ನುಂಗುವುದು. ಉಲ್ಲಂಕಿಗೆ ಕೆಸರಿಲ್ಲ, ಟಿಟ್ಟಿಭಕ್ಕೆ ನೆಲವಿಲ್ಲ, ಮುದುಕಿಯ ಮಡಿಲಿಗೆ ಸೊಪ್ಪಿಲ್ಲ. ಎಂದೂ ಬತ್ತದ ನೀರಿನಲ್ಲಿ ಹೊರಗಿನ ಮೀನುಗಳು ನೆಲೆಯೂರುವುದು ಸುಲಭ. 1952ರಲ್ಲಿ ಭಾರತಕ್ಕೆ ತಂದ, ನಾವು ಜಿಲೇಬಿಯೆಂದು ಕರೆಯುವ ತಿಲಾಪಿಯವೂ, 2000ದಲ್ಲಿ ನಿಷೇಧಿತವಾದರೂ ಕದ್ದು ಸಾಕಲ್ಪಡುತ್ತಿರುವ ಆಫ್ರಿಕದ ಕ್ಯಾಟ್‌ಫಿಶ್ ಮೀನೂ ಇದಕ್ಕೆ ನಿದರ್ಶನ.

ಹಾಗಾದರೆ ಮಾಡತಕ್ಕದ್ದೇನು? ನೀರೂ ಬೇಕು, ನೀರಿನ ಏರಿಳಿತವೂ ಬೇಕು. ಎರಡನ್ನೂ ಹೊಂದಿಸುವ ಉಪಾಯವು ಹಳೆಯ ವ್ಯವಸ್ಥೆಯಲ್ಲಿಯೇ ಇದೆ. ಕೆರೆಗಳು ಸರಮಾಲೆಯಲ್ಲಿರುವುದರಿಂದ ಎಲ್ಲವನ್ನೂ ಒಂದೇ ಕಾಲಕ್ಕೆ ತುಂಬಿಟ್ಟಿರುವುದು ಅನಿವಾರ್ಯವಲ್ಲ; ಸರದಿಯಂತೆ ಒಂದೊಂದು ವರ್ಷ ಒಂದೊಂದು ಕೆರೆಗೆ ಹೊಸನೀರನ್ನು ನಿಲ್ಲಿಸಿ ಬೇಸಗೆಯಲ್ಲಿ ಇಳಿಯಬಿಡಬಹುದು. ಆವಣಿ, ಕುರುಡುಮಲೆಗಳ ಬೆಟ್ಟದ ಬುಡದಲ್ಲಿರುವಂಥ, ಬಂಡೆಯ ಮೇಲಿನ ಮಳೆನೀರಿನಿಂದಲೇ ತುಂಬತಕ್ಕ ಕೆರೆಗಳನ್ನು ಮಳೆಗೇ ಮೀಸಲಾಗಿಡುವುದು ಒಳ್ಳೆಯದು. ನೀರು ಒಳಬರುವ ಬಾಯಿಯಲ್ಲಿ ಜೊಂಡಿನ ಮಡಿಯನ್ನು ಬೆಳೆಸಿ ಆಗಾಗ ಕೊಯ್ದು ತೆಗೆದರೆ ಹೆಚ್ಚಿನ ಸಾರವನ್ನು ಅದೇ ಹೀರಿಕೊಳ್ಳುವುದು. ಮೂರನೆಯ ಹಂತದ ಶುದ್ಧೀಕರಣವಾದರೆ ಇನ್ನೂ ಉತ್ತಮ. ಹೂಳೆತ್ತುವಾಗ ಕೆರೆಯನ್ನು ಬಾನಿಯಂತೆ ಕಡಿದಾಗಿ ತೋಡದೆ ಇಳಿಜಾರಾದ ದಂಡೆಯನ್ನು ಉಳಿಸಬೇಕು. ಬೀಜಮೊಟ್ಟೆಗಳಿರುವ ಮೇಲ್ಮಣ್ಣಿನಲ್ಲಿ ಒಂದು ಪಾಲನ್ನಾದರೂ ಅಲ್ಲಿಯೇ ಬಿಡಬೇಕು. ಸೀಮೆಜಾಲಿಯನ್ನು ಕೀಳುವ ಉತ್ಸಾಹದಲ್ಲಿ ಗೂಡುಗಳಿರುವ ಕರಿಜಾಲಿಯನ್ನೂ ಈಚಲನ್ನೂ ಕಡಿಯಬಾರದು. ಇವೆಲ್ಲಕ್ಕೂ ಮಿಗಿಲಾಗಿ, ತೂಬಿನ ಬಳಿ ನಿಂತು ಎಂದು ಬಿಡಬೇಕು, ಎಂದು ನಿಲ್ಲಿಸಬೇಕು ಎಂಬುದನ್ನು ಬಲ್ಲ ನೀರುಗಂಟಿಯು ಮತ್ತೆ ಬೇಕು; ಅವನಿಗೆ ಸಂಬಳವೂ ಊರಿನಲ್ಲಿ ಮರ್ಯಾದೆಯೂ ಬೇಕು.

ಕೆರೆಯನ್ನು ನೀರು ತುಂಬಿದ ಪಾತ್ರೆಯೆಂದು ತಿಳಿದರೆ ಅದು ತುಂಬಿದೆಯೋ ಬರಿದಾಗಿದೆಯೋ ಎಂಬ ಎರಡೇ ಪ್ರಶ್ನೆಗಳು ಉಳಿಯುತ್ತವೆ. ಅದನ್ನು ಜೀವಿಯೆಂದು ತಿಳಿದರೆ, ಉಸಿರನ್ನು ಎಳೆದುಕೊಳ್ಳುವುದರ ಜೊತೆಗೆ ಬಿಡುವುದೂ ಅದಕ್ಕೆ ಅವಶ್ಯವೆಂಬುದು ಹೊಳೆಯುತ್ತದೆ. ಮುಂದಿನ ಸಲ ನಿಮ್ಮೂರಿನ ಕೆರೆಯ ಏರಿಯ ಮೇಲೆ ಹೋಗುವಾಗ ನೀರು ಎಷ್ಟಿದೆಯೆಂದು ನೋಡುವುದರ ಜೊತೆಗೆ ದಂಡೆ ಎಲ್ಲಿದೆ, ಹೋದ ತಿಂಗಳು ಎಲ್ಲಿತ್ತು, ಅಲ್ಲಿ ಯಾವ ಸೊಪ್ಪು ಚಿಗುರಿದೆ, ಯಾವ ಹಕ್ಕಿ ನಡೆದ ಗುರುತಿದೆ ಎಂಬುದನ್ನೂ ಗಮನಿಸಬೇಕೆಂದು ಶ್ರೋತೃಗಳನ್ನು ಪ್ರಾರ್ಥಿಸಿ ಈ ಭಾಷಣವನ್ನು ಮುಗಿಸುತ್ತೇನೆ.